ಇಂಗ್ಲೆಂಡಿನ ಹಳ್ಳಿಯಲ್ಲೊಂದು ಮೊಘಲ್ ಮನೆ: ಸೀಜಿನ್‌ಕೋಟ್ ನಕ್ಷೆ ಬರೆದವರು ಯಾರು, ಜಮೀನು ಯಾರದ್ದು?

ಮಿಡ್‌ಲ್ಯಾಂಡ್ಸ್ ಮಾಣಿ
ಭಾನುವಾರ, ರಾತ್ರಿ 9:40

ಸ್ವಲ್ಪ ಉದ್ದದ ಪೋಸ್ಟ್. ಕಾಫಿ ಇಟ್ಟುಕೊಂಡು ಓದಿ.

ಹೋದ ವಾರ ಮನೆಮಂದಿ ಎಲ್ಲ ಕಾಟ್ಸ್‌ವೋಲ್ಡ್ಸ್ ಕಡೆ ಹೋಗಿದ್ದೆವು. ಗ್ಲಾಸ್ಟರ್‌ಶೈರ್‌ನಲ್ಲಿ ಮೋರ್ಟನ್-ಇನ್-ಮಾರ್ಷ್ ಅಂತ ಪುಟ್ಟ ಪೇಟೆ ಇದೆ. ಅದರ ಹತ್ತಿರವೇ ಸೀಜಿನ್‌ಕೋಟ್ ಎಸ್ಟೇಟ್. ದಾರಿಯುದ್ದ ಓಕ್ ಮರ. ಊರಿನ ಹೆಸರಿಗೂ ಓಕ್ ಮರಗಳ ಬೀಡು ಅಂತಲೇ ಅರ್ಥವಂತೆ. ನಡೆಯುತ್ತಾ ಹೋದರೆ ಒಂದು ಸೇತುವೆ ಸಿಗುತ್ತದೆ. ಅದರ ಕಟ್ಟೆ ಮೇಲೆ ಬಸವ! ಕಾಲು ಮಡಿಸಿ ಕೂತ ಅಪ್ಪಟ ಬಸವ. ಎಂಟು ವರ್ಷದ ಮಗಳು ನಿಂತುಬಿಟ್ಟಳು. "ಅಪ್ಪಾ, ಹಾಗಾದ್ರೆ ದೇವಸ್ಥಾನ ಎಲ್ಲಿ?"

ದೇವಸ್ಥಾನವೂ ಇದೆ. ತೊರೆ ಹಿಡಿದು ಮೇಲೆ ಹೋದರೆ ಸೂರ್ಯನ ಗುಡಿ. ಮೂರ್ತಿ ಕಲ್ಲಿನದಲ್ಲ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಅಚ್ಚು ಹಾಕಿ ಸುಡುತ್ತಿದ್ದ 'ಕೋಡ್ ಸ್ಟೋನ್' ಅನ್ನುವ ಮಣ್ಣಿನದು. ಪೂಜೆಯಿಲ್ಲ, ಗಂಟೆಯಿಲ್ಲ. ಕೆಳಗಿನ ಕೊಳದಲ್ಲಿ ಮರದ ಕಾಂಡಕ್ಕೆ ಸುತ್ತಿಕೊಂಡ ಹಾವು, ಅದು ಕಾರಂಜಿ. ಸೇತುವೆಯ ಅಡಿಯ ಕಂಬಗಳು ಎಲಿಫೆಂಟಾ ಗುಹೆಯ ಕಂಬಗಳನ್ನು ನೋಡಿ ಮಾಡಿದವು.

ಇನ್ನು ಮನೆ. ತಾಮ್ರದ ಈರುಳ್ಳಿ ಗುಮ್ಮಟ, ಈಗ ಹಸಿರು ತಿರುಗಿದೆ. ಮೂಲೆಗಳಲ್ಲಿ ಛತ್ರಿ, ಅಂದರೆ ಕಂಬಗಳ ಮೇಲೆ ಕೂತ ಪುಟ್ಟ ಗುಮ್ಮಟ. ಅಗಲವಾದ ಸಜ್ಜಾ. ಕಿಟಕಿ ಮೇಲೆ ನವಿಲು ಗರಿ ಬಿಚ್ಚಿದಂಥ ಕಮಾನು. ಪಕ್ಕದಲ್ಲಿ ಬಿಲ್ಲಿನ ಹಾಗೆ ಬಾಗಿದ ಗಾಜಿನ ಗಿಡಮನೆ. ಮಳೆ ಜಿನುಗುತ್ತಿತ್ತು. ಆಗ್ರಾದಿಂದ ಬಂದ ಯಾರೋ ನೆಗಡಿ ಹಿಡಿದು ನಿಂತ ಹಾಗೆ ಕಂಡಿತು ನನಗೆ.

ಗೈಡ್ ಹೇಳಿದ್ದು ಅರ್ಧ ತಲೆಗೆ ಹೋಯಿತು, ಅರ್ಧ ಮಗಳ ಹಿಂದೆ ಓಡುವುದರಲ್ಲಿ ಹೋಯಿತು. ಮೂಲ ಬ್ಲೂಪ್ರಿಂಟ್ ಲಂಡನ್ನಿನ ರೀಬಾ ಸಂಗ್ರಹದಲ್ಲಿದೆ, ಬ್ರೈಟನ್ ಅರಮನೆ ಇದನ್ನೇ ನೋಡಿ ಕಟ್ಟಿದ್ದು, ಅಂತೆಲ್ಲ. ಇದನ್ನು ಬರೆದವರು ಯಾರು? ದುಡ್ಡು ಯಾರದ್ದು? ಈಗ ಯಾರ ಕೈಯಲ್ಲಿದೆ? ಗೊತ್ತಿದ್ದವರು ಹೇಳಿ.


ಸುಮ್ನೆ ಓದುಗ
ಭಾನುವಾರ, ರಾತ್ರಿ 10:02

ಬಸವನ ಫೋಟೋ ಹಾಕದೆ ತಪ್ಪಿಸಿಕೊಳ್ಳಬೇಡಿ.


ಟಿ-ಸ್ಕ್ವೇರ್
ಸೋಮವಾರ, ಬೆಳಿಗ್ಗೆ 7:15

ಮೊದಲೇ ಒಂದು ತಕರಾರು. 1805ರ ಸುಮಾರಿನ ಮನೆಗೆ ಬ್ಲೂಪ್ರಿಂಟ್ ಇರಲು ಸಾಧ್ಯವೇ ಇಲ್ಲ. ನೀಲಿ ಹಾಳೆ, ಬಿಳಿ ಗೆರೆಯ ಆ ವಿಧಾನವನ್ನು ಜಾನ್ ಹರ್ಷೆಲ್ ಕಂಡುಹಿಡಿದದ್ದು 1842ರಲ್ಲಿ. ನಕ್ಷೆ ಆಫೀಸುಗಳಿಗೆ ಅದು ಬಂದದ್ದು 1870ರ ದಶಕದ ಮೇಲೆ. ಅದಕ್ಕೆ ಮುಂಚೆ ಎಲ್ಲ ಕೈಬರಹ. ಇನ್ನೊಂದು ಪ್ರತಿ ಬೇಕಾ? ಮೂಲದ ಕೆಳಗೆ ಖಾಲಿ ಹಾಳೆ ಇಡು, ಪ್ರತಿ ಮೂಲೆಗೂ ಸೂಜಿ ಚುಚ್ಚು, ತೂತಿನಿಂದ ತೂತಿಗೆ ಗೆರೆ ಎಳೆ. ಹಳೆ ನಕ್ಷೆಯನ್ನು ಓರೆ ಬೆಳಕಿನಲ್ಲಿ ಹಿಡಿದರೆ ಆ ಸೂಜಿ ತೂತುಗಳು ಇವತ್ತಿಗೂ ಕಾಣುತ್ತವೆ. ನಾನು ಕಾಲೇಜಿನಲ್ಲಿದ್ದಾಗ ಅಂಥ ಒಂದು ಹಾಳೆ ಮುಟ್ಟಿ ನೋಡಿದ್ದೆ. ಬೆರಳಿಗೆ ಸಣ್ಣ ಸಣ್ಣ ಗುಳ್ಳೆ ತಾಕಿದ ಹಾಗೆ ಆಗುತ್ತದೆ.

ಬಣ್ಣಕ್ಕೂ ಒಂದು ಭಾಷೆ ಇತ್ತು. ನಕ್ಷೆಯಲ್ಲಿ ಕತ್ತರಿಸಿ ತೋರಿಸಿದ ಇಟ್ಟಿಗೆ ಗೋಡೆಗೆ ಗುಲಾಬಿ, ಮರಕ್ಕೆ ಹಳದಿ, ಕಬ್ಬಿಣಕ್ಕೆ ನೀಲಿ. ಹಾಳೆಯ ವಯಸ್ಸು ಬೇಕಿದ್ದರೆ ಬೆಳಕಿಗೆ ಹಿಡಿಯಬೇಕು. 1794ರಿಂದ ಇಂಗ್ಲೆಂಡಿನ ಕಾಗದ ಗಿರಣಿಗಳು ನೀರಚ್ಚಿನಲ್ಲಿ ವರ್ಷವನ್ನೂ ಹಾಕಲು ಶುರು ಮಾಡಿದವು. ಕಾರಣ ಕಲೆಯಲ್ಲ, ಸುಂಕ. ರಫ್ತಾದ ಕಾಗದಕ್ಕೆ ತೆರಿಗೆ ವಾಪಸು ಬೇಕಿದ್ದರೆ ವರ್ಷ ಇರಬೇಕಿತ್ತು. ವಾಟ್‌ಮನ್ ಅನ್ನುವ ಹೆಸರಿನ ಜೊತೆ 1804 ಅಂತ ಕಂಡರೆ ಆ ನಕ್ಷೆ 1804ಕ್ಕಿಂತ ಹಳೆಯದಲ್ಲ ಅಂತ ಖಾತ್ರಿ. ಎಷ್ಟು ಹೊಸದು ಅಂತ ಮಾತ್ರ ಅದು ಹೇಳುವುದಿಲ್ಲ. ಹಳೆ ಹಾಳೆ ಬೀರುವಿನಲ್ಲಿ ಇಟ್ಟುಕೊಂಡು ಹತ್ತು ವರ್ಷ ಬಿಟ್ಟು ಬಳಸುವ ಜಿಪುಣರು ಆಗಲೂ ಇದ್ದರು.

ಬರೆದವರು ಸ್ಯಾಮ್ಯುಯೆಲ್ ಪೆಪೀಸ್ ಕಾಕರೆಲ್. ಈಸ್ಟ್ ಇಂಡಿಯಾ ಕಂಪನಿಗೇ ಸರ್ವೇಯರ್ ಆಗಿದ್ದವರು. ನಕ್ಷೆಗಳು ರೀಬಾದಲ್ಲಿ, ಅಂದರೆ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆಯಲ್ಲಿ ಇರುವುದು ನಿಜ. ಮಜಾ ಏನೆಂದರೆ ಈತ ಭಾರತಕ್ಕೆ ಕಾಲೇ ಇಟ್ಟಿರಲಿಲ್ಲ.


ಸುಮ್ನೆ ಓದುಗ
ಸೋಮವಾರ, ಬೆಳಿಗ್ಗೆ 8:30

ಭಾರತ ನೋಡದೆ ಛತ್ರಿ, ಸಜ್ಜಾ ಹೇಗೆ ಬರೆದರು? ಗೂಗಲ್ಲೂ ಇರಲಿಲ್ಲ ಆಗ.


ಟಿ-ಸ್ಕ್ವೇರ್
ಸೋಮವಾರ, ಬೆಳಿಗ್ಗೆ 9:05

ಗೂಗಲ್ ಇರಲಿಲ್ಲ, ಥಾಮಸ್ ಡೇನಿಯಲ್ ಇದ್ದರು. ಅವರೂ ಅವರ ಅಣ್ಣನ ಮಗ ವಿಲಿಯಮ್ಮೂ 1786ರಿಂದ 1793ರವರೆಗೆ ಭಾರತ ಸುತ್ತಿ ಚಿತ್ರ ಬರೆದರು. ಊರಿಗೆ ಹೋದ ಮೇಲೆ 144 ಅಕ್ವಾಟಿಂಟ್, ಅಂದರೆ ತಾಮ್ರದ ತಗಡಿನಿಂದ ತೆಗೆದ ಚಿತ್ರ, ಅಚ್ಚು ಹಾಕಿದರು. ಆ ಕಾಲದ ಇಂಗ್ಲಿಷ್ ಶ್ರೀಮಂತರಿಗೆ ಭಾರತ ಅಂದರೆ ಆ ಚಿತ್ರಗಳೇ. ಸೀಜಿನ್‌ಕೋಟಿಗೆ ಡೇನಿಯಲ್ ಅವರೇ ಸಲಹೆಗಾರ. ತೋಟದ ಗುಡಿ, ಸೇತುವೆ ಎಲ್ಲ ಅವರ ಕೈಯಿಂದ ಬಂದದ್ದು.

ನನಗೆ ಕುತೂಹಲ ಇರುವುದು ಬೇರೆ ಕಡೆ. ಮನೆಯ ಒಳಗೆ ಹೋಗಿದ್ದೀರಲ್ಲ ಮಾಣಿ, ಅಲ್ಲಿ ಮೊಘಲ್ ಏನಾದರೂ ಕಂಡಿತಾ?


ಮಿಡ್‌ಲ್ಯಾಂಡ್ಸ್ ಮಾಣಿ
ಸೋಮವಾರ, ಸಂಜೆ 6:20

ನೀವು ಕೇಳಿದ ಮೇಲೇ ಹೊಳೆಯಿತು. ಏನೂ ಇಲ್ಲ! ಒಳಗೆ ಗ್ರೀಕ್ ಕಂಬ, ಮೆಟ್ಟಿಲು, ಪಕ್ಕಾ ಇಂಗ್ಲಿಷ್ ದೊಡ್ಡಮನೆ. ಹೊರಗಿನ ಈರುಳ್ಳಿ ಗುಮ್ಮಟ ಒಳಗಿನಿಂದ ಈರುಳ್ಳಿ ಅಂತ ಅನಿಸುವುದೇ ಇಲ್ಲ.


ಟಿ-ಸ್ಕ್ವೇರ್
ಸೋಮವಾರ, ಸಂಜೆ 7:10

ಅದೇ ವಿಷಯ. ಮನೆಯ ನಕ್ಷೆ ಅಂದರೆ ಎರಡು ಬೇರೆ ಹಾಳೆ. ಒಂದು ತಳನಕ್ಷೆ: ಮೇಲಿನಿಂದ ಕತ್ತರಿಸಿ ನೋಡಿದ ಹಾಗೆ, ಕೋಣೆ ಎಲ್ಲಿ, ಬಾಗಿಲು ಎಲ್ಲಿ. ಇನ್ನೊಂದು ಎದುರುನೋಟ: ಎದುರು ನಿಂತರೆ ಮುಖ ಹೇಗೆ. ಸೀಜಿನ್‌ಕೋಟಿನ ತಳನಕ್ಷೆಯನ್ನು ಮಾತ್ರ ಯಾರಿಗಾದರೂ ತೋರಿಸಿದರೆ "ಓ, ಇಂಗ್ಲೆಂಡಿನ ಜಾರ್ಜಿಯನ್ ಕಾಲದ ವಿಲ್ಲಾ" ಅಂದುಬಿಡುತ್ತಾರೆ. ಎದುರುನೋಟ ತೋರಿಸಿದರೆ "ಓ, ಫತೇಪುರ್ ಸಿಕ್ರಿ ಕಡೆಯದಾ?" ಅನ್ನುತ್ತಾರೆ. ಎರಡೂ ಒಂದೇ ಮನೆ!

ನಮ್ಮ ಮನೆಗಳಲ್ಲಿ ಉಲ್ಟಾ. ತೊಟ್ಟಿಮನೆಯನ್ನು ರಸ್ತೆಯಿಂದ ನೋಡಿದರೆ ಒಂದು ಜಗುಲಿ, ಎರಡು ಕಂಬ, ಅಷ್ಟೇ. ಮನೆ ಇರುವುದೆಲ್ಲ ಒಳಗೆ, ತೊಟ್ಟಿಯ ಸುತ್ತ. ತಳನಕ್ಷೆ ನೋಡದೆ ತೊಟ್ಟಿಮನೆ ಅರ್ಥವೇ ಆಗುವುದಿಲ್ಲ. ಸೀಜಿನ್‌ಕೋಟಿನಲ್ಲಿ ಭಾರತ ಇರುವುದು ಗೋಡೆಯ ಹೊರಗಿನ ಒಂದು ಅಡಿ ದಪ್ಪದಲ್ಲಿ. ಸಜ್ಜಾ ನೋಡಿ. ನಮ್ಮಲ್ಲಿ ಅದು ಬಿಸಿಲು, ಮಳೆ ಎರಡಕ್ಕೂ ಬೇಕು. ಬಿಸಿಲಿಗಾಗಿ ಹಂಬಲಿಸುವ ದೇಶದಲ್ಲಿ ಕಿಟಕಿಗೆ ಅಷ್ಟು ನೆರಳು ಯಾಕೆ ಸ್ವಾಮಿ?

ಬ್ರೈಟನ್ ಬಗ್ಗೆ ಗೈಡ್ ಹೇಳಿದ್ದು ಅರ್ಧ ಸರಿ. ರಾಜಕುಮಾರ, ಮುಂದೆ ನಾಲ್ಕನೇ ಜಾರ್ಜ್ ಆದವನು, 1807ರಲ್ಲಿ ಸೀಜಿನ್‌ಕೋಟ್ ನೋಡಲು ಬಂದಿದ್ದ. ಆದರೆ ಬ್ರೈಟನ್ನಿನಲ್ಲಿ ಅವನ ಕುದುರೆ ಲಾಯವನ್ನು ವಿಲಿಯಂ ಪೋರ್ಡನ್ ಅಷ್ಟರಲ್ಲಾಗಲೇ ಇಂಡಿಯನ್ ಧಾಟಿಯಲ್ಲಿ ಕಟ್ಟಿಸುತ್ತಿದ್ದ. ಅಂದರೆ ಕುದುರೆಗಳಿಗೆ ಮೊದಲು ಗುಮ್ಮಟ ಸಿಕ್ಕಿತು, ರಾಜನಿಗೆ ಆಮೇಲೆ. ನಡುವೆ ಹಂಫ್ರಿ ರೆಪ್ಟನ್ ಅನ್ನುವ ತೋಟಗಾರಿಕೆಯ ದೊಡ್ಡ ಮನುಷ್ಯ ಬರುತ್ತಾರೆ. ಅವರನ್ನು ಸೀಜಿನ್‌ಕೋಟಿಗೂ ಸಲಹೆ ಕೇಳಿದ್ದರು. ಡೇನಿಯಲ್ ಚಿತ್ರಗಳನ್ನು ಅಲ್ಲೇ ನೋಡಿ ಮರುಳಾಗಿ, ಬ್ರೈಟನ್ನಿಗೆ ಇಂಡಿಯನ್ ಅರಮನೆಯ ಯೋಜನೆ ಮಾಡಿಕೊಟ್ಟರು. ರೆಪ್ಟನ್ ಅವರ ನಕ್ಷೆ ಪುಸ್ತಕಗಳಿಗೆ ಕೆಂಪು ರಟ್ಟು. ಚಿತ್ರದ ಮೇಲೆ ಕಾಗದದ ಒಂದು ಮುಚ್ಚಳ ಅಂಟಿಸಿರುತ್ತಾರೆ. ಮುಚ್ಚಿದ್ದರೆ ಈಗಿನ ನೋಟ. ಎತ್ತಿದರೆ ದುಡ್ಡು ಖರ್ಚು ಮಾಡಿದ ಮೇಲಿನ ನೋಟ. ಗಿರಾಕಿಯನ್ನು ಬೀಳಿಸಲು ಅದಕ್ಕಿಂತ ಒಳ್ಳೆ ಉಪಾಯ ಇವತ್ತಿಗೂ ಇಲ್ಲ. ಆದರೂ ಕೆಲಸ ಹೋದದ್ದು ಜಾನ್ ನ್ಯಾಶ್ ಕೈಗೆ, 1815ರಲ್ಲಿ. ಪಾಪ ರೆಪ್ಟನ್.


ಕೋಟೆ ಬಾಗಿಲು
ಸೋಮವಾರ, ರಾತ್ರಿ 9:55

ಶ್ರೀರಂಗಪಟ್ಟಣದವನು ನಾನು. ಗೋಡೆ, ಗುಮ್ಮಟ ಆಯಿತು. ಜಮೀನು ಕೊಂಡವನ ವಿಷಯಕ್ಕೆ ಬನ್ನಿ. ಆ ಕತೆ ನಮ್ಮ ಊರಿನ ಮೇಲೇ ಹಾದು ಹೋಗುತ್ತದೆ.

ಎಸ್ಟೇಟ್ ಕೊಂಡವನು ನಕ್ಷೆ ಬರೆದವನಲ್ಲ, ಮನೆ ಕಟ್ಟಿಸಿದವನೂ ಅಲ್ಲ. ಆ ಇಬ್ಬರೂ ಅಣ್ಣತಮ್ಮಂದಿರು. ಕೊಂಡವನು ಅವರ ಇನ್ನೊಬ್ಬ ಸಹೋದರ, ಕರ್ನಲ್ ಜಾನ್ ಕಾಕರೆಲ್. 1790ರಲ್ಲಿ ಮೂರನೇ ಮೈಸೂರು ಯುದ್ಧ ಶುರುವಾದಾಗ ಬಂಗಾಳದಿಂದ ಕರಾವಳಿ ಹಿಡಿದು ಕಾಲುನಡಿಗೆಯಲ್ಲಿ ದಕ್ಷಿಣಕ್ಕೆ ಬಂದ ಸಿಪಾಯಿ ಪಡೆಯ ನಾಯಕ. ಕಂಚಿ ಹತ್ತಿರ ಮದ್ರಾಸ್ ಸೇನೆಯನ್ನು ಸೇರಿಕೊಂಡ. ಮುಂದೆ ಆದದ್ದು ನಿಮಗೆಲ್ಲ ಗೊತ್ತು. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದ. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ.

1795ರಲ್ಲಿ ಜಾನ್ ಸೀಜಿನ್‌ಕೋಟ್ ಕೊಂಡ. ಮಾರಿದವನು ಮೂರನೇ ಗಿಲ್ಫರ್ಡ್ ಅರ್ಲ್. ಅವನ ಅಪ್ಪ ಯಾರು? ಪ್ರಧಾನಿ ಲಾರ್ಡ್ ನಾರ್ತ್. ಅಮೆರಿಕ ಕೈಬಿಟ್ಟು ಹೋದದ್ದು ಅವನ ಕಾಲದಲ್ಲಿ, ಯಾರ್ಕ್‌ಟೌನಿನಲ್ಲಿ ಶರಣಾದವನು ಇದೇ ಕಾರ್ನ್‌ವಾಲಿಸ್. ಅಮೆರಿಕ ಕಳೆದವನ ಮಗನ ಕೈಯಿಂದ ಮೈಸೂರಿನ ಮೇಲೆ ದಂಡೆತ್ತಿ ಬಂದವನ ಕೈಗೆ ಜಮೀನು. ಒಂದು ಕ್ರಯಪತ್ರದಲ್ಲಿ ಇಷ್ಟೆಲ್ಲ ಕೂತಿದೆ.

ಹಾಗಾಗಿ ಆ ಬಸವ ನಮ್ಮ ದುಡ್ಡಿನದು ಮಾಣಿ. ಮುಂದಿನ ಸಲ ಟಿಕೆಟ್ ತಗೋಬೇಡಿ.


ಹಳೇ ಫೈಲು
ಸೋಮವಾರ, ರಾತ್ರಿ 10:40

ಕೋಟೆ ಬಾಗಿಲು, ಕತೆ ಚೆನ್ನಾಗಿದೆ. ಆದರೆ ವಕೀಲನಾಗಿ ಒಂದು ಮಾತು. ಜಮೀನು ಕೊಂಡ ದುಡ್ಡು ಬೇರೆ, ಮನೆ ಕಟ್ಟಿಸಿದ ದುಡ್ಡು ಬೇರೆ. ಜಾನ್ 1798ರಲ್ಲೇ ತೀರಿಕೊಂಡ. ಬಸವ, ಗುಮ್ಮಟ ಒಂದನ್ನೂ ಅವನು ನೋಡಿಲ್ಲ. ಎಸ್ಟೇಟ್ ಕೊನೆಗೆ ನಿಂತದ್ದು ತಮ್ಮ ಚಾರ್ಲ್ಸ್ ಕೈಯಲ್ಲಿ. ಈ ಚಾರ್ಲ್ಸ್ ಸೈನಿಕನಲ್ಲ, ಕಲ್ಕತ್ತೆಯ ಕಂಪನಿ ನೌಕರ. ಅಂಚೆ ಇಲಾಖೆಯ ಮುಖ್ಯಸ್ಥನಾಗಿದ್ದ. ನಿಜವಾದ ಸಂಪಾದನೆ ಪ್ಯಾಕ್ಸ್‌ಟನ್-ಕಾಕರೆಲ್ ಅನ್ನುವ ಏಜೆನ್ಸಿ ಹೌಸಿನಿಂದ. ಕಂಪನಿ ಅಧಿಕಾರಿಗಳ ಉಳಿತಾಯ ಇಟ್ಟುಕೊಳ್ಳುವುದು, ಇಂಗ್ಲೆಂಡಿಗೆ ಸಾಗಿಸುವುದು, ಸಾಲ ಕೊಡುವುದು. ಲೂಟಿ ಮಾಡಿದವರಿಗಿಂತ ಅವರ ದುಡ್ಡು ಇಟ್ಟುಕೊಂಡವನೇ ಹೆಚ್ಚು ಕಾಲ ಬಾಳುತ್ತಾನೆ.

ಇಂಥವರಿಗೆ ಇಂಗ್ಲೆಂಡಿನಲ್ಲಿ 'ನಬಾಬ್' ಅಂತ ಅಡ್ಡಹೆಸರು. ನಮ್ಮ ನವಾಬ ಅನ್ನುವ ಮಾತೇ. ಮೆಚ್ಚಿ ಕರೆದದ್ದಲ್ಲ, ಹಂಗಿಸಿ ಕರೆದದ್ದು.

ಒಂದೇ ಆರ್ಕಿಟೆಕ್ಟ್, ಒಂದೇ ಬಳಗ ಅನ್ನುವುದನ್ನೂ ಗಮನಿಸಿ. ಪಾಲುದಾರ ವಿಲಿಯಂ ಪ್ಯಾಕ್ಸ್‌ಟನ್ನನಿಗೆ ವೇಲ್ಸಿನಲ್ಲಿ ಮಿಡ್ಲ್‌ಟನ್ ಹಾಲ್ ಬರೆದುಕೊಟ್ಟವರೂ ಇದೇ ಸ್ಯಾಮ್ಯುಯೆಲ್. ಆ ಮನೆ 1931ರಲ್ಲಿ ಸುಟ್ಟು ಹೋಯಿತು, ಜಾಗ ಈಗ ವೇಲ್ಸಿನ ರಾಷ್ಟ್ರೀಯ ಸಸ್ಯೋದ್ಯಾನ. ಸೀಜಿನ್‌ಕೋಟಿನಿಂದ ಕೆಲವೇ ಮೈಲಿ ದೂರದ ಡೇಲ್ಸ್‌ಫರ್ಡ್‌ನಲ್ಲಿ ವಾರನ್ ಹೇಸ್ಟಿಂಗ್ಸ್‌ಗೆ ಮನೆ ಬರೆದವರೂ ಇವರೇ. ಆ ಡೇಲ್ಸ್‌ಫರ್ಡ್ ಹೇಸ್ಟಿಂಗ್ಸ್ ವಂಶದ ಹಳೆ ಆಸ್ತಿ. 1715ರಲ್ಲಿ ಕೈಬಿಟ್ಟು ಹೋಗಿತ್ತು. ಅದನ್ನು ವಾಪಸು ಕೊಳ್ಳುವುದು ಚಿಕ್ಕಂದಿನಿಂದ ಅವನ ತಲೆಯಲ್ಲಿದ್ದ ಹುಚ್ಚು. ಕೊಂಡದ್ದು 1788ರಲ್ಲಿ. ಪಾರ್ಲಿಮೆಂಟ್ ಅವನ ವಿಚಾರಣೆ ಶುರು ಮಾಡಿದ್ದೂ ಅದೇ ವರ್ಷ!


ಕೋಟೆ ಬಾಗಿಲು
ಸೋಮವಾರ, ರಾತ್ರಿ 11:05

ಸರಿ, ಒಪ್ಪಿದೆ. ಬಸವ ಕಲ್ಕತ್ತೆ ದುಡ್ಡಿನದು, ಬಸವ ಕೂತ ನೆಲ ಸಿಪಾಯಿ ದಂಡಿನ ನಾಯಕ ಕೊಂಡದ್ದು. ಟಿಕೆಟ್ ಅರ್ಧ ತಗೊಳ್ಳಿ.

ಡೇನಿಯಲ್ ಮಾವ-ಅಳಿಯನೂ ನಮ್ಮ ಕಡೆ ಬಂದಿದ್ದರು, 1792ರಲ್ಲಿ, ಯುದ್ಧ ಮುಗಿದ ಬೆನ್ನಿಗೇ. ರಾಯಕೋಟೆ, ಹೊಸೂರು ಕಡೆಯ ಗುಡ್ಡದ ಕೋಟೆಗಳನ್ನು ಬರೆದಿದ್ದಾರೆ.


ಟಿ-ಸ್ಕ್ವೇರ್
ಮಂಗಳವಾರ, ಬೆಳಿಗ್ಗೆ 6:50

ಮಾವ-ಅಳಿಯ ಅಲ್ಲ, ಚಿಕ್ಕಪ್ಪ-ಮಗ. ಸಂಬಂಧ ಕೆಡಿಸಬೇಡಿ :)

ಬಸವನ ಮಾತು ಬಂತಲ್ಲ, ಒಂದು ಒಳ್ಳೆ ಜಗಳದ ಕತೆ ಇದೆ. ಬಸವಗಳನ್ನು ಸೇತುವೆಯಿಂದ ತೆಗೆಯೋಣ ಅಂತ ಮನೆಯವರಲ್ಲಿ ಮಾತು ಬಂದಿತ್ತು. ಡೇನಿಯಲ್ ಅವರಿಗೆ ಸಿಟ್ಟು ಬಂತು. ಚಾರ್ಲ್ಸ್‌ಗೆ ಪತ್ರ ಬರೆದರು. ದೇವತೆಗಳ ಶಿಲ್ಪಿ ವಿಶ್ವಕರ್ಮನೇ ಬಂದು ಸೀಜಿನ್‌ಕೋಟನ್ನು ಇಣುಕಿ ನೋಡಿದರೂ ಬಸವಗಳು ಇದ್ದಲ್ಲೇ ಇರಲಿ ಅನ್ನುತ್ತಾನೆ, ಅನ್ನುವ ಧಾಟಿಯಲ್ಲಿ. ಗಿರಾಕಿಯ ಬಾಯಿ ಮುಚ್ಚಿಸಲು ವಿಶ್ವಕರ್ಮನನ್ನು ಕರೆದ ಇಂಗ್ಲಿಷ್ ಕಲಾವಿದ ಇವರೊಬ್ಬರೇ ಇರಬೇಕು. ನನಗೂ ಕೆಲವು ಗಿರಾಕಿಗಳ ಎದುರು ಹಾಗೆ ಹೇಳಬೇಕು ಅನಿಸಿದೆ.


ಮಿಡ್‌ಲ್ಯಾಂಡ್ಸ್ ಮಾಣಿ
ಮಂಗಳವಾರ, ಮಧ್ಯಾಹ್ನ 1:15

ಅಬ್ಬಾ, ಒಂದೇ ಮನೆಗೆ ಮೂವರು ಸಹೋದರರು. ಒಬ್ಬ ಕೊಂಡ, ಒಬ್ಬ ಬರೆದ, ಒಬ್ಬ ದುಡ್ಡು ಹಾಕಿದ. ಚಾರ್ಲ್ಸ್ ಮಲಗುವ ಕೋಣೆಯನ್ನು ಗೈಡ್ ತೋರಿಸಿದ್ದು ನೆನಪಾಯಿತು. ಡೇರೆಯ ಹಾಗೆ ಇದೆ. ಮಾಡಿಗೆ ಈಟಿಗಳ ಆಸರೆ. ಊರಿಗೆ ಮರಳಿ ಬಂದು ಸರ್ ಆಗಿ, ಪಾರ್ಲಿಮೆಂಟಿಗೂ ಹೋದ ಮನುಷ್ಯ ರಾತ್ರಿ ಮಾತ್ರ ಡೇರೆಯಲ್ಲಿ ಮಲಗುತ್ತಿದ್ದ! ಇದು ಟಿಪ್ಪುವಿನ ಡೇರೆ ನೋಡಿ ಮಾಡಿದ್ದಾ?


ಕೋಟೆ ಬಾಗಿಲು
ಮಂಗಳವಾರ, ಮಧ್ಯಾಹ್ನ 2:00

ಎಲ್ಲದಕ್ಕೂ ಟಿಪ್ಪುವನ್ನು ತರಬೇಡಿ, ನಾನೇ ಹೇಳ್ತಿದ್ದೇನೆ ಅಂದರೆ ನೋಡಿ. ಟಿಪ್ಪುವಿನ ಹೂಬಳ್ಳಿ ಅಚ್ಚಿನ ಡೇರೆ ಇರುವುದು ವೇಲ್ಸಿನ ಪೋವಿಸ್ ಕೋಟೆಯಲ್ಲಿ. ಅಲ್ಲಿಗೂ ಹೋಗಿ ಬನ್ನಿ, ನಿಮಗೆ ಕಾರಿನಲ್ಲಿ ಅರ್ಧ ದಿನದ ದಾರಿ.


ಸುಮ್ನೆ ಓದುಗ
ಮಂಗಳವಾರ, ಸಂಜೆ 5:45

ಆಮೇಲೆ ಆಸ್ತಿ ಏನಾಯಿತು? ಮೂರು ತಲೆಮಾರಿನಲ್ಲಿ ಕರಗಿತಾ, ನಮ್ಮಲ್ಲಿ ಆಗುವ ಹಾಗೆ?


ಹಳೇ ಫೈಲು
ಮಂಗಳವಾರ, ರಾತ್ರಿ 9:20

ಹೆಚ್ಚುಕಮ್ಮಿ ಹಾಗೇ. ಚಾರ್ಲ್ಸ್ ತೀರಿಕೊಂಡದ್ದು 1837ರಲ್ಲಿ. ಹೆಂಡತಿ ಪಕ್ಕದ ನಾರ್ತ್‌ವಿಕ್ ಮನೆತನದ ರಶೌಟ್ ವಂಶದವರು. ಮಗ ಕಾಕರೆಲ್ ಹೆಸರು ಬಿಟ್ಟು ತಾಯಿ ಮನೆಯ ರಶೌಟ್ ಹೆಸರು ಇಟ್ಟುಕೊಂಡ. ವ್ಯಾಪಾರದ ಹೆಸರಿಗಿಂತ ಹಳೆ ಜಮೀನ್ದಾರರ ಹೆಸರಿಗೆ ತೂಕ ಜಾಸ್ತಿ, ಅಲ್ವಾ. 1884ರಲ್ಲಿ ಎಸ್ಟೇಟ್ ಜೇಮ್ಸ್ ಡಗ್ಡೇಲ್‌ಗೆ ಮಾರಾಟವಾಯಿತು.

ಆ ಇಸವಿ ನೋಡಿ. ಅದಕ್ಕೆ ಎರಡು ವರ್ಷ ಮುಂಚೆ, 1882ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂದಿತ್ತು. ಅಲ್ಲಿ ದೊಡ್ಡ ಜಮೀನುಗಳನ್ನು ವಂಶಕ್ಕೆ ಕಟ್ಟಿಹಾಕುವ ಪದ್ಧತಿ ಇತ್ತು. ಈಗಿನ ಯಜಮಾನ ಬದುಕಿರುವವರೆಗೆ ಅನುಭವಿಸಬಹುದು, ಮಾರುವ ಹಾಗಿಲ್ಲ. 1882ರ ಕಾನೂನು ಆ ಗಂಟು ಬಿಚ್ಚಿತು. ಅದೇ ಹೊತ್ತಿಗೆ ಅಮೆರಿಕದ ಗೋಧಿ ಹಡಗಿನಲ್ಲಿ ಬಂದು ಸುರಿದು ಜಮೀನಿನ ಗೇಣಿ ಬಿದ್ದು ಹೋಗಿತ್ತು. ಆ ಕಾಲದಲ್ಲಿ ಕೈ ಬದಲಾದ ದೊಡ್ಡಮನೆಗಳು ಒಂದೆರಡಲ್ಲ.

1944ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಬ್ಯಾಂಕರ್ ಸಿರಿಲ್ ಕ್ಲೈನ್‌ವರ್ಟ್ ಕೊಂಡರು. ರಿಪೇರಿ ಮಾಡಿಸಿ ಉಳಿಸಿದ್ದು ಆ ಕುಟುಂಬ. ಭಾರತ ನೋಡಿ ಬಂದ ಮೇಲೆ ಲೇಡಿ ಕ್ಲೈನ್‌ವರ್ಟ್ 1960ರ ದಶಕದಲ್ಲಿ ಮನೆ ಪಕ್ಕ ಚಾರ್‌ಬಾಗ್, ಅಂದರೆ ನಾಲ್ಕು ಭಾಗ ಮಾಡಿದ ಮೊಘಲ್ ಮಾದರಿ ತೋಟ, ಮಾಡಿಸಿದರು. ಮಾಣಿ, ನೀವು ನೋಡಿದ ಉದ್ದ ಕಾಲುವೆ, ಎರಡು ಸಾಲು ಮರ ಇದೆಯಲ್ಲ, ಅದು ಹಳೆಯದಲ್ಲ, ಮೊನ್ನೆ ಮೊನ್ನೆಯದು. ಎಸ್ಟೇಟ್ ಈಗಲೂ ಅದೇ ಕುಟುಂಬದ ಕೈಯಲ್ಲಿದೆ. ಜನ ಆ ಚಾರ್‌ಬಾಗನ್ನೂ ಸೇರಿಸಿ "ಇನ್ನೂರು ವರ್ಷದ ಮೊಘಲ್ ತೋಟ" ಅನ್ನುತ್ತಾರೆ.

ಇನ್ನೊಂದು ವಿಷಯ. ಇಂಗ್ಲೆಂಡಿನಲ್ಲಿ ಎಲ್ಲ ಕಡೆ ಜಮೀನು ಮಾರಾಟವನ್ನು ನೋಂದಾಯಿಸಲೇಬೇಕು ಅಂತ ಆದದ್ದು 1990ರ ಡಿಸೆಂಬರಿನಲ್ಲಿ! ಅಲ್ಲಿಯವರೆಗೆ ಎಷ್ಟೋ ಕಡೆ ಹಕ್ಕು ಅಂದರೆ ತಗಡಿನ ಪೆಟ್ಟಿಗೆಯಲ್ಲಿನ ಚರ್ಮದ ಹಾಳೆಗಳ ಕಟ್ಟು. ಮಾರುವವನು ಎಷ್ಟು ವರ್ಷ ಹಿಂದಿನ ಪತ್ರ ತೋರಿಸಬೇಕು ಅನ್ನುವುದು ಇಳಿಯುತ್ತಾ ಬಂತು. ಮೊದಲು 60, 1874ರ ಮೇಲೆ 40, 1925ರ ಮೇಲೆ 30, 1969ರಿಂದ 15. ಪ್ರತಿ ಸಲ ಇಳಿದಾಗಲೂ ಹಳೆ ಪತ್ರ ಬೇಡವಾಗುತ್ತಿತ್ತು. ಜನ ಆ ಚರ್ಮದ ಹಾಳೆ ಕತ್ತರಿಸಿ ದೀಪದ ಮುಚ್ಚಳ ಮಾಡಿಸಿಕೊಂಡರು.


ಹಂಚಿನ ಮನೆ
ಬುಧವಾರ, ಬೆಳಿಗ್ಗೆ 11:30

ಎರಡು ದಿನದಿಂದ ಓದುತ್ತಿದ್ದೇನೆ. ಈಗ ನನ್ನದೊಂದು. ಸಕಲೇಶಪುರ ಕಡೆ ನಮ್ಮದು ಸಣ್ಣ ಕಾಫಿ ತೋಟ, ಹಳೆ ಬಂಗಲೆ. ಅಟ್ಟ ಗುಡಿಸುವಾಗ ತಗಡಿನ ಕೊಳವೆ ಸಿಕ್ಕಿತು. ಒಳಗೆ ಐದು ಹಾಳೆ. ನೀಲಿ, ಅದರ ಮೇಲೆ ಬಿಳಿ ಗೆರೆ. ಇದು ನಿಜವಾದ ಬ್ಲೂಪ್ರಿಂಟ್ ಅಲ್ವಾ? ಇಸವಿ ಇರುವ ಮೂಲೆಯನ್ನು ಗೆದ್ದಲು ತಿಂದಿದೆ. ಮನೆಯವರು "1865ರ ಮನೆ, ಹೆಂಚಿನ ಮೇಲೇ ಬರೆದಿದೆ" ಅಂತ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಆಸ್ತಿ ಪತ್ರದ ಗೋಳು ಬೇರೆ. ಮೂಲ ಕ್ರಯಪತ್ರವನ್ನು ಯಾವುದೋ ಕಾಲದಲ್ಲಿ ಒಬ್ಬರ ಆಫೀಸಿಗೆ ಕೊಟ್ಟದ್ದು ವಾಪಸು ಬರಲೇ ಇಲ್ಲ. ಹೆಸರು ಬೇಡ. ಪಹಣಿ ಮಾತ್ರ ಇದೆ.


ಚೈನು-ಆಣೆ
ಬುಧವಾರ, ಮಧ್ಯಾಹ್ನ 12:10

ತಾಯಿ, ಮೊದಲು ಹೆಂಚು. ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಅಂತ ಇರುವುದು ಕಾರ್ಖಾನೆ ಶುರುವಾದ ವರ್ಷ. ಮಂಗಳೂರಿನಲ್ಲಿ. ಹೆಂಚು ಸುಟ್ಟ ವರ್ಷ ಅಲ್ಲ, ಮನೆ ಕಟ್ಟಿದ ವರ್ಷ ಮೊದಲೇ ಅಲ್ಲ. ಮಲೆನಾಡಿನಲ್ಲಿ ಅರ್ಧ ಮನೆಗಳು ಈ ಲೆಕ್ಕದಲ್ಲಿ ಅವಳಿ ಮಕ್ಕಳು! ಎಲ್ಲ 1865ರಲ್ಲೇ ಹುಟ್ಟಿದವು. ಅಟ್ಟ ಹತ್ತಿ ಬೇರೆ ಹೆಂಚುಗಳ ಹಿಂಭಾಗ ನೋಡಿ. 'ಕಾಮನ್‌ವೆಲ್ತ್' ಅಂತ ಇದ್ದರೆ ಅದು ಮೊದಲ ಮಹಾಯುದ್ಧದ ನಂತರದ್ದು. ಜರ್ಮನ್ನರ ಕಾರ್ಖಾನೆ ಅಂತ ಸರ್ಕಾರ ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಕೊಟ್ಟಿತು.

ಪತ್ರಕ್ಕೆ ಹೆದರಬೇಡಿ. ನೋಂದಣಿ ಆಗಿದ್ದರೆ ಉಪನೋಂದಣಿ ಕಚೇರಿಯ ಒಂದನೇ ಪುಸ್ತಕದಲ್ಲಿ ನಕಲು ಇದ್ದೇ ಇರುತ್ತದೆ. ದೃಢೀಕೃತ ಪ್ರತಿ ಸಿಗುತ್ತದೆ. ಆನ್‌ಲೈನ್ ಋಣಭಾರ ಪತ್ರ 2004ರಿಂದ ಈಚೆಗೆ ಮಾತ್ರ. ಹಳೆಯದಕ್ಕೆ ಕಚೇರಿಗೇ ಹೋಗಿ. ಪಹಣಿ ಹಕ್ಕುಪತ್ರ ಅಲ್ಲ. ಕಂದಾಯ ಕಾಯ್ದೆ 133ನೇ ಕಲಂ ಪ್ರಕಾರ ಅದು ಸರಿ ಅಂತ ಇಟ್ಟುಕೊಳ್ಳುತ್ತಾರೆ, ಬೇರೆಯವರು ತಪ್ಪು ಅಂತ ತೋರಿಸುವವರೆಗೆ. ಸರ್ವೆ ಕಚೇರಿಯಲ್ಲಿ ಟಿಪ್ಪಣಿ (ಸರ್ವೆಯವರ ಅಳತೆ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ತೆಗೆಸಿ. ಟಿಪ್ಪಣಿಯಲ್ಲಿ ಅಳತೆ ಚೈನು-ಆಣೆಯಲ್ಲಿ ಇರುತ್ತದೆ. ಒಂದು ಚೈನು 33 ಅಡಿ, 16 ಆಣೆ. ಒಂದು ಚೈನು ಉದ್ದ ಒಂದು ಚೈನು ಅಗಲ ಅಂದರೆ ಒಂದು ಗುಂಟೆ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ "ಪೂರ್ವಕ್ಕೆ ಹಲಸಿನ ಮರ" ಅಂತ ಬರೆದಿರುತ್ತಾರೆ. ಮರ ಬಿದ್ದು ಐವತ್ತು ವರ್ಷ ಆಗಿರುತ್ತದೆ. ಟಿಪ್ಪಣಿ ಮಾತ್ರ ಬೀಳುವುದಿಲ್ಲ.


ಟಿ-ಸ್ಕ್ವೇರ್
ಬುಧವಾರ, ಸಂಜೆ 6:40

ಹಂಚಿನ ಮನೆಯವರೇ, ನಿಮ್ಮದು ಅಸಲಿ ಬ್ಲೂಪ್ರಿಂಟ್. ಲ್ಯಾಮಿನೇಟ್ ಮಾಡಿಸಬೇಡಿ, ದಯವಿಟ್ಟು. ಗೋಡೆಗೂ ತೂಗು ಹಾಕಬೇಡಿ. ಬೆಳಕಿಗೆ ಆ ನೀಲಿ ಮಾಸುತ್ತದೆ. ಸ್ವಲ್ಪ ಮಾಸಿದ್ದರೆ ಕತ್ತಲಲ್ಲಿ ಇಟ್ಟರೆ ಒಂದಿಷ್ಟು ವಾಪಸು ಬರುತ್ತದೆ, ಅದೊಂದು ಸೋಜಿಗ. ನೆರಳಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದು ಮತ್ತೆ ಕೊಳವೆಗೆ ಹಾಕಿ.

ಆಮೇಲೆ ಟೇಪು ಹಿಡಿದು ಮನೆ ಅಳೆಯಿರಿ. ಆದರೆ ಹಾಳೆಯ ಮೇಲೆ ನೇರ ಸ್ಕೇಲ್ ಇಡಬೇಡಿ. ಬ್ಲೂಪ್ರಿಂಟ್ ನೀರಿನಲ್ಲಿ ತೊಳೆದು ಒಣಗಿಸಿದ ಕಾಗದ, ಕುಗ್ಗಿರುತ್ತದೆ. ಕೆಳಗೆ ಉದ್ದಕ್ಕೆ ಗೆರೆ ಎಳೆದು ಅಡಿ ಗುರುತು ಹಾಕಿರುತ್ತಾರಲ್ಲ, ಅದರ ಜೊತೆ ಹೋಲಿಸಿ. ಕಾಗದ ಕುಗ್ಗಿದರೆ ಆ ಗೆರೆಯೂ ಕುಗ್ಗಿರುತ್ತದೆ. ನಕ್ಷೆಯಲ್ಲಿ ಇದ್ದು ಮನೆಯಲ್ಲಿ ಇಲ್ಲದ್ದು ಏನಿದೆ ಅಂತ ಹುಡುಕಿ. ಸ್ವಾರಸ್ಯ ಎಲ್ಲ ಅಲ್ಲೇ ಇರುವುದು.


ಹಂಚಿನ ಮನೆ
ಶನಿವಾರ, ರಾತ್ರಿ 8:15

ಮಳೆ ಬಿಟ್ಟಿತ್ತು, ಇವತ್ತು ಅಳೆದೆವು. ಮಗ ಟೇಪು ಹಿಡಿದ, ನಾನು ಬರೆದುಕೊಂಡೆ.

ಹೆಂಚು: 1865 ಇರುವುದು ಮುಂದಿನ ಜಗುಲಿಯಲ್ಲಿ ಎರಡು ಸಾಲು ಮಾತ್ರ. ಉಳಿದದ್ದು ಪೂರ್ತಿ ಕಾಮನ್‌ವೆಲ್ತ್. ಮನೆಯವರ ಮುಖ ನೋಡಬೇಕಿತ್ತು ನೀವು.

ಕೋಣೆಗಳೆಲ್ಲ ಸರಿಯಾಗಿ ಕೂತವು. ಊಟದ ಕೋಣೆ ಮಾತ್ರ ಉದ್ದದಲ್ಲಿ ಎರಡೂವರೆ ಅಡಿ ಕಡಿಮೆ. ನಕ್ಷೆಯಲ್ಲಿ ಆ ಗೋಡೆಯ ನಡುವೆ ಒಂದು ಗುಂಡಿ, ಅದರ ಮುಂದೆ ಅರ್ಧ ಚಂದ್ರದ ಗೆರೆ. ಮನೆಯಲ್ಲಿ ಅಲ್ಲಿ ಷೋಕೇಸು ಇದೆ. ಷೋಕೇಸು ಸರಿಸಿ ತಟ್ಟಿದೆ. ಡಬಡಬ ಅಂತು, ಖಾಲಿ ಡ್ರಮ್ಮಿನ ಹಾಗೆ. ಗೋಡೆಯ ಬುಡದಲ್ಲಿ ಬಿರುಕು ಇತ್ತು. ಮಗ ಸ್ಕ್ರೂಡ್ರೈವರ್ ತೂರಿಸಿದ. ಮುಷ್ಟಿಯಷ್ಟು ಕರಿ ಮಸಿ ಉದುರಿ ನೆಲದ ಮೇಲೆ ಹರಡಿಕೊಂಡಿತು.


ಟಿ-ಸ್ಕ್ವೇರ್
ಶನಿವಾರ, ರಾತ್ರಿ 8:22

ಅಗ್ಗಿಷ್ಟಿಕೆ! ಒಡೆಯಬೇಡಿ, ಮೇಲೆ ಚಿಮಣಿ ಏನಾಗಿದೆ ನೋಡದೆ ಕೈ ಹಾಕಬೇಡಿ. ಯಾವಾಗ ಮುಚ್ಚಿದ್ದು?


ಹಂಚಿನ ಮನೆ
ಶನಿವಾರ, ರಾತ್ರಿ 9:30

ಅತ್ತೆಯನ್ನು ಕೇಳಿದೆ. ಎಂಬತ್ತಾರು ವರ್ಷ ಅವರಿಗೆ. ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು: "ನಾನೇ ಮುಚ್ಚಿಸಿದ್ದು. ಚಿಮಣಿಯಿಂದ ಹಾವು ಇಳಿದಿತ್ತು. ತೋಟ ನಮ್ಮ ಹೆಸರಿಗೆ ಆಯಿತಲ್ಲ, ಅದರ ಮುಂದಿನ ಮಳೆಗಾಲ."


ಚೈನು-ಆಣೆ
ಶನಿವಾರ, ರಾತ್ರಿ 9:34

ತಾಯಿ, ನಿಮ್ಮ ಕ್ರಯಪತ್ರದ ವರ್ಷ ಅಲ್ಲೇ ಸಿಕ್ಕಿತಲ್ಲ! ಅದು ಯಾವ ಮಳೆಗಾಲ ಅಂತ ಕೇಳಿ ಬರೆದುಕೊಳ್ಳಿ. ಉಪನೋಂದಣಿ ಕಚೇರಿಯಲ್ಲಿ ಅದರ ಹಿಂದಿನ ವರ್ಷದ ಸೂಚಿಯಿಂದ ಹುಡುಕಲು ಶುರು ಮಾಡಿ.


ಮಿಡ್‌ಲ್ಯಾಂಡ್ಸ್ ಮಾಣಿ
ಶನಿವಾರ, ರಾತ್ರಿ 9:50

ಅಲ್ಲಿ ಹಾವಿಗೆ ಕಾರಂಜಿ ಕಟ್ಟಿಸಿದರು. ನಿಮ್ಮ ಅತ್ತೆ ಸಿಮೆಂಟ್ ಹಾಕಿಸಿದರು. ಬಸವನ ಫೋಟೋ ನಾಳೆ ಹಾಕುತ್ತೇನೆ, ಮಗಳ ಟ್ಯಾಬಿನಲ್ಲಿದೆ.